ಫ್ರೀಸ್ಟೈಲ್ ಲಿಬ್ರೆ ಸೆನ್ಸರ್: ವಾಕಿಂಗ್, ಜಿಮ್‌ಗೆ ಹೋಗುವ ಶುಗರ್‌ನವರಿಗೆ ಎಷ್ಟು ಪ್ರಯೋಜನ?

ಬೆರಳು ಚುಚ್ಚಿ ನೋಡಿದಾಗ ಶುಗರ್ 110 ಬಂತು ಅನ್ನಿ. ಅದು ಏರುತ್ತಿರುವ 110ಓ, ಇಳಿಯುತ್ತಿರುವ 110ಓ ಸ್ಟ್ರಿಪ್ ಹೇಳುವುದಿಲ್ಲ. ಅಬಾಟ್ ಕಂಪನಿಯ ಲಿಬ್ರೆ, ಅಂದರೆ ತೋಳಿಗೆ ಅಂಟಿಸಿಕೊಂಡು ಸಕ್ಕರೆ ಅಳೆಯುವ ಸೆನ್ಸರ್, ಅದನ್ನು ಹೇಳುತ್ತದೆ. ಅಂಕಿಯ ಪಕ್ಕದಲ್ಲೊಂದು ಬಾಣ ಇರುತ್ತದೆ. ಕೊಟ್ಟ ದುಡ್ಡೆಲ್ಲ ಆ ಬಾಣಕ್ಕೇ. ಅಡ್ಡ ಬಾಣವಿದ್ದರೆ ಬದಲಾವಣೆ ನಿಮಿಷಕ್ಕೆ 1 ಅಂಕಿಗಿಂತ (ಡೆಸಿಲೀಟರ್‌ಗೆ 1 ಎಂಜಿ) ಕಡಿಮೆ, ಓರೆ ಇದ್ದರೆ 1ರಿಂದ 2, ನೆಟ್ಟಗೆ ಕೆಳಗಿದ್ದರೆ 2ಕ್ಕಿಂತ ಹೆಚ್ಚು. 110 ಇದ್ದು ಬಾಣ ನೆಟ್ಟಗೆ ಕೆಳಗಿದೆ ಎಂದರೆ, ಅದೇ ವೇಗದಲ್ಲಿ ಇಳಿದರೂ ಅರ್ಧ ಗಂಟೆಯಲ್ಲಿ 50ಕ್ಕೆ ಬರಬಹುದು. ಹಾಗಿದ್ದಾಗ ವ್ಯಾಯಾಮಕ್ಕೆ ಹೊರಡಬಾರದು.

ಇಲ್ಲಿ ಹೇಳುತ್ತಿರುವುದು ಫೋನ್ ಹಿಡಿದು ಸ್ಕ್ಯಾನ್ ಮಾಡುವ ಮೊದಲ ಮಾದರಿಯ ಬಗ್ಗೆ. ತೋಳಿನ ಹಿಂಭಾಗಕ್ಕೆ ಅಂಟಿಸಬೇಕು, 14 ದಿನ ಬರುತ್ತದೆ. ಅಂಟಿಸಿದ ಒಂದು ಗಂಟೆಗೆ ರೀಡಿಂಗ್ ಶುರುವಾದರೂ ಮೊದಲ ದಿನದ ಅಂಕಿಗಳನ್ನು ಅಷ್ಟಾಗಿ ನೆಚ್ಚಿಕೊಳ್ಳಬಾರದು. ಆದ್ದರಿಂದ ಬೆಳಗಿನ ಓಟಕ್ಕೆ ಬೇಕಿದ್ದರೆ ಹಿಂದಿನ ದಿನವೇ ಹಾಕಿಕೊಳ್ಳಿ.

ದೊಡ್ಡ ಕೊರತೆ ಎಂದರೆ ಇದು ಅಳೆಯುವುದು ರಕ್ತವನ್ನಲ್ಲ, ಚರ್ಮದಡಿಯ ದ್ರವವನ್ನು. ಸುಮ್ಮನೆ ಕೂತಿದ್ದಾಗ ಈ ವ್ಯತ್ಯಾಸ ಲೆಕ್ಕಕ್ಕೆ ಬರುವುದಿಲ್ಲ. ಜೋರಾಗಿ ನಡೆಯುವಾಗ, ಸೈಕಲ್ ತುಳಿಯುವಾಗ ರಕ್ತದ ಸಕ್ಕರೆ ಬೇಗ ಇಳಿಯುತ್ತದೆ, ಸೆನ್ಸರ್ ಕೆಲವು ನಿಮಿಷ ಹಿಂದೆಯೇ ಉಳಿಯುತ್ತದೆ. ಪರದೆ 85 ತೋರಿಸುತ್ತಿರುವಾಗ ರಕ್ತದಲ್ಲಿ ಆಗಲೇ ಅಪಾಯದ ಗಡಿಯಾದ 70ಕ್ಕಿಂತ ಕೆಳಗಿರಬಹುದು. ಕೈ ನಡುಗಿ, ಬೆವರು ಕಿತ್ತುಬಂದರೆ ಪರದೆಯನ್ನು ನಂಬದೆ ಮೈಯನ್ನು ನಂಬಿ. ನಿಂತು ಬೆರಳು ಚುಚ್ಚಿ ನೋಡಿ. ಗ್ಲುಕೋಮೀಟರ್ ಹತ್ತಿರ ಇಲ್ಲದಿದ್ದರೆ ನೇರವಾಗಿ 15 ಗ್ರಾಂ ಸಕ್ಕರೆ ಅಥವಾ ಗ್ಲುಕೋಸ್ ಪುಡಿ, ಅಂದರೆ ಸುಮಾರು ಮೂರು ಟೀ ಚಮಚ, ನೀರಿಗೆ ಹಾಕಿ ಕುಡಿಯಿರಿ. 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಬಿಸ್ಕತ್ತು, ಚಾಕೊಲೇಟ್ ಬೇಡ, ಅದರ ಕೊಬ್ಬು ಸಕ್ಕರೆ ರಕ್ತ ಸೇರುವುದನ್ನು ತಡಮಾಡುತ್ತದೆ.

ಈ ಮಾದರಿಯಲ್ಲಿ ಅಲಾರಂ ಇಲ್ಲ, ನೀವೇ ಸ್ಕ್ಯಾನ್ ಮಾಡಬೇಕು. ಇನ್ಸುಲಿನ್ ಸಾಲದೆ ದೇಹ ಕೊಬ್ಬು ಕರಗಿಸಿದಾಗ ಹುಟ್ಟುವ ಕೀಟೋನನ್ನೂ ಅಳೆಯುವುದಿಲ್ಲ. ಟೈಪ್ 1 ಇರುವವರಿಗೆ 250 ದಾಟಿದ್ದರೆ ಮೂತ್ರದ ಕೀಟೋನ್ ಸ್ಟ್ರಿಪ್ ಬೇರೆ ಬೇಕು. ಕೀಟೋನ್ ಕಂಡರೆ ಅವತ್ತು ವ್ಯಾಯಾಮ ಬಂದ್. ವಿಟಮಿನ್ ಸಿ ಮಾತ್ರೆ ಜಾಸ್ತಿ ನುಂಗಿದರೆ ರೀಡಿಂಗ್ ಸುಳ್ಳಾಗಿ ಮೇಲೆ ಹೋಗಬಹುದು. ಅದನ್ನು ನೋಡಿ ಇನ್ಸುಲಿನ್ ಏರಿಸಿದರೆ ಅಪಾಯ.

ಅಂಟಿನದು ಇನ್ನೊಂದು ತಲೆನೋವು. ಮಂಗಳೂರು, ಉಡುಪಿ ಕಡೆಯ ಬೆವರಿಗೆ ಅಂಚು ಬೇಗ ಎದ್ದುಬಿಡುತ್ತದೆ. ಎಣ್ಣೆ ಸ್ನಾನ ಮಾಡಿದ ದಿನ ಅಂಟಿಸಬೇಡಿ. ಸೋಪಿನಲ್ಲಿ ತೊಳೆದು, ಸ್ಪಿರಿಟ್ ಹಚ್ಚಿ, ಪೂರ್ತಿ ಒಣಗಿದ ಮೇಲೆ ಹಾಕಿ. ಕಿತ್ತುಬಂದದ್ದನ್ನು ಮತ್ತೆ ಬಳಸಲಾಗದು.

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ತರದ, ಶುಗರ್ ಲೋ ಮಾಡಬಲ್ಲ ಮಾತ್ರೆ ತೆಗೆದುಕೊಳ್ಳುತ್ತಾ ದಿನಾ ಬೆವರು ಸುರಿಸುವವರಿಗೆ ಇದು ಕೊಳ್ಳಬೇಕಾದದ್ದೇ. ಬರೀ ಮೆಟ್‌ಫಾರ್ಮಿನ್ ಮೇಲಿದ್ದು ಪಾರ್ಕ್ ಸುತ್ತುವವರಿಗೆ ಶುಗರ್ ಲೋ ಆಗುವುದು ಅಪರೂಪ. ಅವರಿಗೆ ಸ್ಟ್ರಿಪ್ ಸಾಕು, ದುಡ್ಡು ಉಳಿದರೆ ಬೆರಳಿಗೆ ಒತ್ತದ ಶೂ ಕೊಳ್ಳಲಿ.

ಕೊಂಡವರು ರಾತ್ರಿಯ ಗ್ರಾಫ್ ತಪ್ಪದೆ ನೋಡಿ. ಸಂಜೆಯ ಕಠಿಣ ವ್ಯಾಯಾಮದ ಇಳಿಕೆ ನಿದ್ದೆಯಲ್ಲಿ ಬರುವುದುಂಟು. ಸೆನ್ಸರ್ ಹಿಂದಿನ 8 ಗಂಟೆಗಳ ಲೆಕ್ಕ ಮಾತ್ರ ಇಟ್ಟುಕೊಳ್ಳುತ್ತದೆ, ಹಾಗಾಗಿ ಮಲಗುವಾಗಲೂ ಎದ್ದ ತಕ್ಷಣವೂ ಸ್ಕ್ಯಾನ್ ಮಾಡಿ. ಸೆನ್ಸರ್ ಇರುವ ತೋಳಿನ ಮೇಲೆಯೇ ಒರಗಿ ಮಲಗಿದ್ದರೆ ಒತ್ತಡಕ್ಕೂ ಅಂಕಿ ಕುಸಿದು ಕಾಣುತ್ತದೆ; ಅಂಥದ್ದನ್ನು ಬೆರಳು ಚುಚ್ಚಿ ಖಚಿತಪಡಿಸಿಕೊಳ್ಳಿ.