ಕ್ಲಾಸಿಗೆ ಮೊದಲು: ಪುಸ್ತಕ, ವಿಡಿಯೋ, ಪಕ್ಕದ ಸೀಟು, ನಿಂತ ಕಾರು

ಡ್ರೈವಿಂಗ್ ಕ್ಲಾಸಿಗೆ ದುಡ್ಡು ಕಟ್ಟಿಯಾಗಿತ್ತು, ಶುರುವಾಗಲು ಇನ್ನೂ ಮೂರು ವಾರ. ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಸಿಕ್ಕಿದ್ದನ್ನೆಲ್ಲ ಒಂದು ಕೈ ನೋಡಿದೆ.

ಮೊದಲು ನಿಯಮಗಳ ಪುಸ್ತಕ. ನಾಲ್ಕು ಪುಟಕ್ಕೇ ಆಕಳಿಕೆ ಬಂತು, ನಿಜ. ಆದರೆ ರಸ್ತೆ ಚಿಹ್ನೆಗಳನ್ನು ಒಂದೊಂದಾಗಿ ಉರುಹೊಡೆಯಬೇಕಿಲ್ಲ ಅಂತ ಗೊತ್ತಾಗಿದ್ದು ಅದರಿಂದಲೇ. ಕೆಂಪಂಚಿನ ತ್ರಿಕೋನ ಅಂದರೆ ಮುಂದೆ ಏನೋ ಇದೆ, ಹುಷಾರು. ಅದೇ ತಲೆಕೆಳಗಾದರೆ ದಾರಿ ಬಿಡು. ಕೆಂಪಂಚಿನ ವೃತ್ತ ಅಂದರೆ ಕೂಡದು, ನೀಲಿ ವೃತ್ತ ಅಂದರೆ ಹೀಗೇ ಮಾಡು. ರಸ್ತೆ ಚಿಹ್ನೆಗಳ ಬಗೆಗಿನ 1968ರ ವಿಯೆನ್ನಾ ಒಪ್ಪಂದದ ಜಾಡಿನಲ್ಲಿರುವ ಬಹುಪಾಲು ದೇಶಗಳಲ್ಲಿ ಇದೇ ಲೆಕ್ಕ.

ಮೊಬೈಲಿನ ಅಣಕು ಪರೀಕ್ಷೆ ಇದಕ್ಕೆ ಸಾಟಿಯಲ್ಲ. ಮೂರನೇ ದಿನಕ್ಕೇ ಪ್ರಶ್ನೆ ಓದದೆ, ಚಿತ್ರ ನೋಡಿ ಉತ್ತರ ಒತ್ತುತ್ತಿದ್ದೆ. ಅಂಕ ಬಂತು, ಅಷ್ಟೇ.

ವಿಡಿಯೋ ನೋಡಿದ ಮೇಲೆ ಕ್ಲಚ್ ಏನು ಮಾಡುತ್ತದೆ ಅನ್ನೋದು ಕಣ್ಣಿಗೆ ಕಟ್ಟಿತು: ಒತ್ತಿದರೆ ಇಂಜಿನ್ನಿಗೂ ಗೇರಿಗೂ ಸಂಬಂಧ ತಪ್ಪುತ್ತದೆ, ನಿಧಾನ ಬಿಟ್ಟರೆ ಉಜ್ಜಿಕೊಂಡು ಮತ್ತೆ ಕೂಡುತ್ತದೆ. ತೊಂದರೆ ಏನೆಂದರೆ, ಹತ್ತು ವಿಡಿಯೋ ಮುಗಿಯುವಷ್ಟರಲ್ಲಿ ನನಗೆ ಓಡಿಸಲು ಬರುತ್ತದೆ ಅನ್ನಿಸಿಬಿಟ್ಟಿತ್ತು!

ಆ ಜಂಬ ಇಳಿಸಿದ್ದು ಅಣ್ಣನ ನಿಂತ ಕಾರು. ಸಮತಟ್ಟಾದ ಜಾಗ, ಇಂಜಿನ್ ಬಂದ್, ಹ್ಯಾಂಡ್‌ಬ್ರೇಕ್ ಮೇಲೆ. ಮೊದಲು ಸೀಟು ಸರಿಮಾಡಿಕೊಂಡೆ: ಕ್ಲಚ್ಚನ್ನು ಪೂರ್ತಿ ಒತ್ತಿದಾಗಲೂ ಮೊಣಕಾಲು ಚೂರು ಬಾಗಿರಬೇಕು. ಆಮೇಲೆ ಕ್ಲಚ್ ಒತ್ತಿ, ಕೆಳಗೆ ನೋಡದೆ ಗೇರ್ ಒಂದು, ಎರಡು, ಮೂರು. ಮೂರಕ್ಕೆ ಹಾಕಿದೆ ಅಂದುಕೊಂಡಿದ್ದು ಐದಕ್ಕೆ ಬಿದ್ದಿತ್ತು. ಗೇರ್ ಗುಂಡನ್ನು ಬಿಗಿಯಾಗಿ ಹಿಡಿದರೆ ಹೀಗಾಗುತ್ತದೆ. ಅಂಗೈಯಿಂದ ಸುಮ್ಮನೆ ತಳ್ಳಿದರೆ ನ್ಯೂಟ್ರಲ್, ಅಂದರೆ ಯಾವ ಗೇರೂ ಇಲ್ಲದ ನಡುಜಾಗ, ದಾಟಿ ತಾನೇ ಮೂರಕ್ಕೆ ಹೋಗುತ್ತದೆ. ದಿನಕ್ಕೆ ಹತ್ತು ನಿಮಿಷ, ಒಂದು ವಾರ ಇದೇ ಕೆಲಸ. ನೋಡಿದವರಿಗೆ ಹುಚ್ಚು ಅನ್ನಿಸಿರಬಹುದು.

ಆದರೂ ನನ್ನ ಮೊದಲ ಓಟು ಪಕ್ಕದ ಸೀಟಿಗೆ. ಎಷ್ಟೋ ವರ್ಷ ಅಲ್ಲಿ ಕೂತಿದ್ದೇನೆ, ರಸ್ತೆ ನೋಡಿದ್ದು ಮಾತ್ರ ಈಗಲೇ. ಮುಂದಿನ ಗಾಡಿ ಒಂದು ಕಂಬ ದಾಟಿದ ಕೂಡಲೇ "ಸಾವಿರದ ಒಂದು, ಸಾವಿರದ ಎರಡು" ಅಂತ ಎಣಿಸುವುದು. ಅಷ್ಟರೊಳಗೆ ನಾವೂ ಆ ಕಂಬ ಮುಟ್ಟಿದರೆ ತೀರಾ ಹತ್ತಿರ ಇದ್ದೇವೆ ಅಂತ. ಗಂಟೆಗೆ 60 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ವೇಗ ದುಪ್ಪಟ್ಟಾದರೆ ಬ್ರೇಕ್ ಹಿಡಿದು ನಿಲ್ಲುವ ದೂರ ನಾಲ್ಕು ಪಟ್ಟು ಅಂತ ಪುಸ್ತಕದಲ್ಲಿ ಓದಿದ್ದು ಹೊಟ್ಟೆಗೆ ತಟ್ಟಿದ್ದು ಹಾಗೆ ಎಣಿಸುವಾಗ.

"ಅಣ್ಣ, ಈಗ ಯಾಕೋ ಬ್ರೇಕ್ ಹಾಕ್ದೆ?"

"ಹಾಕಿದ್ನಾ?"

ಎದುರಿಗೆ ನಿಂತಿದ್ದ ಕಾರಿನ ಮುಂಚಕ್ರ ತುಸು ತಿರುಗಿತ್ತು, ಹೊರಡುವ ಸೂಚನೆ. ಅವನ ಕಾಲಿಗೆ ಅದು ಗೊತ್ತಾಗಿತ್ತು, ಅವನಿಗೇ ಗೊತ್ತಾಗಿರಲಿಲ್ಲ. ಇದನ್ನು ಯಾವ ವಿಡಿಯೋ ಹೇಳಿಕೊಡುತ್ತದೆ?

ಹಾಫ್ ಕ್ಲಚ್, ಅಂದರೆ ಗಾಡಿ ಮೆಲ್ಲಗೆ ಹೊರಡುವಷ್ಟೇ ಕ್ಲಚ್ ಬಿಟ್ಟು ಹಿಡಿಯುವುದು, ಮಾತ್ರ ಯಾವುದರಿಂದಲೂ ಬರಲಿಲ್ಲ. ಕ್ಲಾಸಿನ ಮೊದಲ ದಿನ ಗಾಡಿ ಮೂರು ಸಲ ಆಫ್ ಆಯಿತು. ಮೂರು ಸಲವೂ ಕಣ್ಣು ರಸ್ತೆಯ ಮೇಲೇ ಇತ್ತು, ಕೈ ತಾನಾಗಿ ನ್ಯೂಟ್ರಲ್ಲಿಗೆ ಹೋಗಿತ್ತು.