ಪಕ್ಕದ ಮನೆ ಬೆಕ್ಕಿನ ಚಿಗಟ: ಬೆಲ್ಟ್, ಡ್ರಾಪ್ಸ್, ಸ್ಪ್ರೇ, ಬಾಚಣಿಗೆ ಬಳಸಿ ನೋಡಿದಾಗ

ಕಾಂಪೌಂಡ್ ಹಾರಿ ಬರುವ ಪಕ್ಕದ ಮನೆ ಬೆಕ್ಕು. ಹೆಸರಿಗೆ ಅವರದೇ, ಮಿಕ್ಕಿದ ಅನ್ನ ಹಾಕಿದರೆ ಹಾಕಿದರು, ಊರಿಗೆ ಹೋದರೆ ಅದೂ ಇಲ್ಲ. ಕೆರೆದು ಕೆರೆದು ಬಾಲದ ಬುಡದಲ್ಲಿ ಕೂದಲು ಉದುರಿದೆ. ಪಾಪ ಅಂತ ಕೈಹಾಕುವವರು ಮೊದಲು ತರುವುದು ಪೆಟ್ ಶಾಪ್‌ನ ಚಿಗಟದ ಬೆಲ್ಟನ್ನು. ಒಮ್ಮೆ ಕಟ್ಟಿಬಿಟ್ಟರೆ ತಿಂಗಳುಗಟ್ಟಲೆ ಚಿಂತೆಯಿಲ್ಲ ಎಂಬ ಲೆಕ್ಕ. ನಾವು ಬಳಸಿ ನೋಡಿದ ಮಟ್ಟಿಗೆ, ಬಂದು ಹೋಗುವ ಬೆಕ್ಕಿನ ವಿಷಯದಲ್ಲಿ ಈ ಲೆಕ್ಕ ಕೂಡಿಬರುವುದಿಲ್ಲ. ಯಾವ ಮದ್ದು ಜೋರು ಅನ್ನುವುದು ಆಮೇಲಿನ ಮಾತು; ಹಾಕಿದ ಮೇಲೆ ನೋಡಿಕೊಳ್ಳುವವರು ಯಾರು ಎಂಬುದನ್ನು ಮೊದಲು ಕೇಳಿಕೊಳ್ಳಬೇಕು. ಈ ಹೋಲಿಕೆಯ ಅಳತೆಗೋಲು ಅದೇ.

ಮೊದಲು ಅದು ಚಿಗಟವೇ ಎಂದು ಖಾತ್ರಿ ಮಾಡಿಕೊಳ್ಳಿ. ಬೆಕ್ಕಿನ ಬಾಲದ ಬುಡವನ್ನು ಒತ್ತೊತ್ತಾದ ಹಲ್ಲಿನ ಬಾಚಣಿಗೆಯಿಂದ ಬಾಚಿ, ಬಂದ ಕಪ್ಪು ಪುಡಿಯನ್ನು ಒದ್ದೆ ಮಾಡಿದ ಬಿಳಿ ಟಿಶ್ಯೂ ಮೇಲೆ ಉದುರಿಸಿ. ಒಂದೆರಡು ನಿಮಿಷದಲ್ಲಿ ಪುಡಿಯ ಸುತ್ತ ಕೆಂಗಂದು ಬಣ್ಣ ಹರಡಿದರೆ ಅದು ಚಿಗಟದ ಹಿಕ್ಕೆ, ಅಂದರೆ ಅರಗಿದ ರಕ್ತ. ಹರಡದಿದ್ದರೆ ಬರೀ ಧೂಳು. ಕಿವಿಯೊಳಗೆ ಕಾಫಿ ಪುಡಿಯಂಥ ಗಸಿ ಕಂಡರೆ ಅದು ಕಿವಿಯ ನುಸಿ, ಚಿಗಟದ ಬೆಲ್ಟ್ ಅದಕ್ಕೆ ಮದ್ದಲ್ಲ.

ಬಾಚಣಿಗೆ

ಅಗ್ಗ, ವಿಷವಿಲ್ಲ, ಎಂಟು ವಾರದ ಒಳಗಿನ ಮರಿಗೂ ನಡೆಯುತ್ತದೆ. ಲೋಹದ ಹಲ್ಲಿನದೇ ಬೇಕು. ಪ್ಲಾಸ್ಟಿಕ್ ಹಲ್ಲು ಬಾಗಿ ಚಿಗಟ ಜಾರಿಕೊಳ್ಳುತ್ತದೆ. ಪಕ್ಕದಲ್ಲಿ ಒಂದು ಬಟ್ಟಲು ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ ಬೆರೆಸಿ ಇಟ್ಟುಕೊಳ್ಳಿ. ಬರೀ ನೀರಿನಲ್ಲಿ ಚಿಗಟ ಮುಳುಗದೆ ಹಾರಿಹೋಗುತ್ತದೆ, ಸೋಪು ಬಿದ್ದರೆ ಮುಳುಗಿ ಸಾಯುತ್ತದೆ. ಕುತ್ತಿಗೆ, ಗಲ್ಲದ ಕೆಳಗೆ, ಬಾಲದ ಬುಡ, ಈ ಮೂರು ಕಡೆ ಸಾಕು.

ಆದರೆ ಇದೊಂದರಿಂದಲೇ ಗೆಲ್ಲಲಾಗದು. ಹೆಣ್ಣು ಚಿಗಟ ದಿನಕ್ಕೆ 40–50 ಮೊಟ್ಟೆ ಇಡುತ್ತದೆ. ಮೊಟ್ಟೆ ಮೈಮೇಲೆ ನಿಲ್ಲದೆ ಬೆಕ್ಕು ಮಲಗುವ ಜಾಗಕ್ಕೆ ಉದುರುತ್ತದೆ. ಬೆಕ್ಕಿನ ಮೇಲೆ ಕಾಣುವುದು ಒಟ್ಟು ಚಿಗಟದ ಸಂತತಿಯಲ್ಲಿ ಸುಮಾರು ಶೇ. 5 ಮಾತ್ರ, ಉಳಿದದ್ದು ಮೊಟ್ಟೆ, ಮರಿಹುಳು, ಗೂಡಿನ ರೂಪದಲ್ಲಿ ಮೆಟ್ಟಿಲ ಕೆಳಗಿನ ಗೋಣಿಚೀಲದಲ್ಲೋ ಹಳೆ ಸೋಫಾದಲ್ಲೋ ಇರುತ್ತದೆ. ಬಾಚಣಿಗೆಯ ನಿಜವಾದ ಉಪಯೋಗ ಲೆಕ್ಕ ಇಡುವುದರಲ್ಲಿ: ಬೇರೆ ಮದ್ದು ಹಾಕಿ ವಾರಕ್ಕೊಮ್ಮೆ ಬಾಚಿದರೆ, ಅದು ಕೆಲಸ ಮಾಡುತ್ತಿದೆಯೋ ಇಲ್ಲವೋ ಗೊತ್ತಾಗುತ್ತದೆ.

ಬೆಲ್ಟ್

ಅಂಗಡಿಯಲ್ಲಿ ಎಲ್ಲವೂ ಒಂದೇ ಥರ ನೇತಾಡುತ್ತಿದ್ದರೂ ಒಳಗಿರುವುದು ಮೂರು ಬೇರೆ ಬೇರೆ ಸರಕು.

ಒಂದು, ಇಮಿಡಾಕ್ಲೋಪ್ರಿಡ್ ಶೇ. 10, ಫ್ಲುಮೆಥ್ರಿನ್ ಶೇ. 4.5 ಇರುವ ಬೂದು ಬಣ್ಣದ ಪ್ಲಾಸ್ಟಿಕ್ ಬೆಲ್ಟ್. ಸೆರೆಸ್ಟೊ ಈ ಜಾತಿಯದು. ಮದ್ದು ನಿಧಾನವಾಗಿ ಹೊರಬಂದು ಚರ್ಮದ ಜಿಡ್ಡಿನಲ್ಲಿ ಮೈತುಂಬ ಹರಡುತ್ತದೆ, ಎಂಟು ತಿಂಗಳವರೆಗೂ ನಡೆಯುತ್ತದೆ. 10 ವಾರ ದಾಟಿದ ಬೆಕ್ಕಿಗೆ ಮಾತ್ರ. ಇದನ್ನು ಕಟ್ಟಿದ ಪ್ರಾಣಿಗಳು ಕಾಯಿಲೆ ಬಿದ್ದವು, ಸತ್ತವು ಎಂಬ ದೂರುಗಳಿಂದ ಅಮೆರಿಕದಲ್ಲಿ ಈ ಬೆಲ್ಟ್ ಬಗ್ಗೆ 2021ರಲ್ಲಿ ದೊಡ್ಡ ಗದ್ದಲವೆದ್ದಿತು. ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ದೂರುಗಳನ್ನೆಲ್ಲ ಪರಿಶೀಲಿಸಿ 2023ರಲ್ಲಿ ಮಾರಾಟ ಮುಂದುವರಿಸಲು ಷರತ್ತುಗಳೊಂದಿಗೆ ಒಪ್ಪಿತು. ಸರಿಯಾದ ಬೆಕ್ಕಿಗೆ ಸರಿಯಾಗಿ ಕಟ್ಟಿದರೆ ಒಳ್ಳೆಯ ವಸ್ತುವೇ. ತೊಂದರೆ ಏನೆಂದರೆ ಆನ್‌ಲೈನ್‌ನಲ್ಲಿ ಇದರ ನಕಲಿಗಳು ಓಡಾಡುತ್ತವೆ. ಬ್ಯಾಚ್ ನಂಬರ್ ಇಲ್ಲದ್ದು, ಅಕ್ಷರ ತಪ್ಪಿರುವ ಡಬ್ಬಿ, ಅರ್ಧ ಬೆಲೆ, ಇವು ಕಂಡರೆ ಬಿಟ್ಟುಬಿಡಿ.

ಎರಡು, ಹಳೇ ಕಾಲದ ಕೀಟನಾಶಕದ ಬೆಲ್ಟ್: ಡಯಾಜಿನಾನ್, ಟೆಟ್ರಾಕ್ಲೋರ್ವಿನ್‌ಫಾಸ್, ಪ್ರೊಪಾಕ್ಸರ್. ಪ್ರೊಪಾಕ್ಸರ್ ಬೆಲ್ಟುಗಳನ್ನು ಬೆಕ್ಕು ನಾಯಿಗಳನ್ನು ಅಪ್ಪಿಕೊಳ್ಳುವ ಮಕ್ಕಳಿಗೆ ಅಪಾಯ ಎಂಬ ಕಾರಣಕ್ಕೆ ಅಮೆರಿಕದಲ್ಲಿ ನಿಲ್ಲಿಸುವ ನಿರ್ಧಾರ 2014ರಲ್ಲೇ ಆಯಿತು. ಪಕ್ಕದ ಮನೆಯಲ್ಲಿ ಬೆಕ್ಕನ್ನು ಎತ್ತಿಕೊಂಡು ಓಡಾಡುವ ಪುಟ್ಟ ಮಗು ಇದ್ದರೆ ಇದನ್ನು ಯೋಚಿಸಲೂ ಬೇಡಿ.

ಮೂರು, ‘ಹರ್ಬಲ್’ ಬೆಲ್ಟ್. ಸಿಟ್ರೊನೆಲ್ಲಾ, ಲವಂಗ, ನೀಲಗಿರಿ ಎಣ್ಣೆಗಳು. ವಾಸನೆ ಜೋರು, ಚಿಗಟಕ್ಕೆ ಲೆಕ್ಕವಿಲ್ಲ. ಇಂಥ ಎಣ್ಣೆ ಬೆಕ್ಕಿನ ಯಕೃತ್ತಿಗೆ ಸುಲಭವಾಗಿ ಅರಗುವುದೂ ಇಲ್ಲ. ನೈಸರ್ಗಿಕ ಅಂದ ಮಾತ್ರಕ್ಕೆ ನಿರಪಾಯ ಅಂದುಕೊಳ್ಳುವುದು ನಮ್ಮಲ್ಲಿ ದೊಡ್ಡ ಪಿಡುಗು.

ಇನ್ನು ನಾಯಿ-ಬೆಕ್ಕು ಎರಡರ ಚಿತ್ರವನ್ನೂ ಹಾಕಿ, ಒಳಗೇನಿದೆ ಎಂದು ಬರೆಯದ ಪ್ಯಾಕೆಟ್ ಒಂದು ಇರುತ್ತದೆ. ಅಂಗಡಿಯವರು ‘ಎಲ್ಲಕ್ಕೂ ಆಗುತ್ತೆ ಮೇಡಂ’ ಅನ್ನುತ್ತಾರೆ. ಬೆಕ್ಕಿನ ಮಟ್ಟಿಗೆ ‘ಎಲ್ಲಕ್ಕೂ ಆಗುವ’ ಚಿಗಟದ ಮದ್ದು ಅಂತ ಒಂದಿಲ್ಲ.

ಮದ್ದು ಯಾವುದೇ ಇರಲಿ, ಬೆಲ್ಟ್ ಎಂಬ ವಸ್ತುವಿನಲ್ಲೇ ಒಂದು ಅಪಾಯವಿದೆ. ಸಡಿಲವಾದರೆ ಬೆಕ್ಕು ಕೆರೆದುಕೊಳ್ಳುವಾಗ ಮುಂಗಾಲು ಅದರೊಳಗೆ ತೂರುತ್ತದೆ. ಆಮೇಲೆ ಬೆಲ್ಟ್ ಒಂದು ಬದಿಯ ಕುತ್ತಿಗೆಯಿಂದ ಎದುರು ಕಂಕುಳಿಗೆ ಅಡ್ಡಲಾಗಿ ಬೀಳುತ್ತದೆ. ಪ್ರತಿ ಹೆಜ್ಜೆಗೂ ಕಂಕುಳ ಚರ್ಮ ತಿಕ್ಕಿ ತಿಕ್ಕಿ, ದಿನ ಕಳೆದಂತೆ ಒಳಮಾಂಸದವರೆಗೆ ಕೊಯ್ಯುತ್ತದೆ. ಆ ಜಾಗ ಸದಾ ಅಲುಗಾಡುವುದರಿಂದ ಹೊಲಿಗೆ ಹಾಕಿದರೂ ಬೇಗ ಕೂಡುವುದಿಲ್ಲ. ಸಡಿಲವಾದ ಬೆಲ್ಟ್ ಕೆಳದವಡೆಗೂ ಸಿಕ್ಕಿಕೊಳ್ಳುತ್ತದೆ, ಆಗ ಬೆಕ್ಕು ತಿನ್ನಲೂ ಆಗದು. ಬಿಗಿಯಾದರೆ ಇನ್ನೊಂದು ತೊಂದರೆ: ಸೊರಗಿದ ಬೆಕ್ಕು ನಿಮ್ಮಲ್ಲಿ ಊಟ ಸಿಕ್ಕಿ ಮೈತುಂಬಿಕೊಂಡಾಗ ಮೊದಲು ಸರಿಯಿದ್ದ ಬೆಲ್ಟೇ ಕುತ್ತಿಗೆ ಬಿಗಿಯುತ್ತದೆ. ಮರಿಗಳಲ್ಲಂತೂ ಇದು ಇನ್ನೂ ಬೇಗ ಆಗುತ್ತದೆ.

ಮನೆಯ ಬೆಕ್ಕಾದರೆ ದಿನಕ್ಕೊಮ್ಮೆ ಕೈಯಾಡಿಸುವಾಗ ಇದೆಲ್ಲ ಗೊತ್ತಾಗುತ್ತದೆ. ಪಕ್ಕದ ಮನೆ ಬೆಕ್ಕು ನಾಲ್ಕು ದಿನ ಬರದಿದ್ದರೆ ಹುಡುಕುವವರಿಲ್ಲ. ಹಾಗಾಗಿ ನಮ್ಮ ಅಭಿಪ್ರಾಯದಲ್ಲಿ ಇಂಥ ಬೆಕ್ಕಿಗೆ ಬೆಲ್ಟ್ ಕೊನೆಯ ಆಯ್ಕೆ.

ಕಟ್ಟಲೇಬೇಕಾದರೆ: ಎಳೆದರೆ ಬಿಚ್ಚಿಕೊಳ್ಳುವ ಅಥವಾ ತುಂಡಾಗುವ ವ್ಯವಸ್ಥೆ ಇರುವುದನ್ನೇ ತನ್ನಿ. ಬೆಲ್ಟ್ ಮತ್ತು ಕುತ್ತಿಗೆಯ ನಡುವೆ ಎರಡು ಬೆರಳು ಹಿಡಿಯಬೇಕು, ಮೂರು ಹಿಡಿದರೆ ಸಡಿಲ. ಬಕಲ್ ದಾಟಿ ಉಳಿದ ತುದಿಯನ್ನು ಎರಡು ಸೆಂಟಿಮೀಟರ್ ಬಿಟ್ಟು ಕತ್ತರಿಸಿ, ಇಲ್ಲದಿದ್ದರೆ ಬೆಕ್ಕು ಜಗಿಯುತ್ತದೆ. ಕುತ್ತಿಗೆ ಕೆಂಪಾದರೆ, ಕೂದಲು ಉದುರಿದರೆ ಆ ದಿನವೇ ಬಿಚ್ಚಿ. ಬಕಲ್ ಇರುವ ಚರ್ಮದ ಬೆಲ್ಟು, ಗೆಜ್ಜೆ ಕಟ್ಟಿದ ದಾರ, ಎಲಾಸ್ಟಿಕ್ ಮೂರೂ ಬೇಡ.

ಕುತ್ತಿಗೆಗೆ ಹಾಕುವ ಡ್ರಾಪ್ಸ್

ಬಂದು ಹೋಗುವ ಬೆಕ್ಕಿಗೆ ನಮ್ಮ ಮೊದಲ ಆಯ್ಕೆ ಇದೇ. ತಿಂಗಳಿಗೊಮ್ಮೆ ಬೆಕ್ಕು ಕೈಗೆ ಸಿಕ್ಕರೆ ಸಾಕು. ಹಾಕಿದ ಮೇಲೆ ಮೈಮೇಲೆ ಸಿಕ್ಕಿಕೊಳ್ಳುವ ವಸ್ತು ಏನೂ ಉಳಿಯುವುದಿಲ್ಲ.

ಫಿಪ್ರೊನಿಲ್ ಜೊತೆ ಎಸ್-ಮೆಥೊಪ್ರೀನ್ ಇರುವ ಬೆಕ್ಕಿನ ಪಿಪೆಟ್, ಅಂದರೆ ಒಂದು ಸಲದ ಮದ್ದು ತುಂಬಿದ ಪುಟ್ಟ ಕೊಳವೆ (ಫ್ರಂಟ್‌ಲೈನ್ ಪ್ಲಸ್ ಥರದ್ದು) 0.5 ಮಿ.ಲೀ. ಇರುತ್ತದೆ. ಫಿಪ್ರೊನಿಲ್ ದೊಡ್ಡ ಚಿಗಟವನ್ನು ಕೊಲ್ಲುತ್ತದೆ, ಮೆಥೊಪ್ರೀನ್ ಮೊಟ್ಟೆ ಒಡೆದು ಬೆಳೆಯುವುದನ್ನು ತಡೆಯುತ್ತದೆ. ಎಂಟು ವಾರ ದಾಟಿದ ಬೆಕ್ಕಿಗೆ. ಸೆಲಮೆಕ್ಟಿನ್ (ರೆವಲ್ಯೂಷನ್) ಇನ್ನೊಂದು, 2.5 ಕೆ.ಜಿ.ವರೆಗಿನ ಬೆಕ್ಕಿಗೆ 15 ಮಿ.ಗ್ರಾಂ., ಅದಕ್ಕಿಂತ ತೂಗುವ ದೊಡ್ಡ ಬೆಕ್ಕಿಗೆ 45 ಮಿ.ಗ್ರಾಂ. ಇದು ಕಿವಿಯ ನುಸಿ, ದುಂಡುಹುಳು, ಕೊಕ್ಕೆಹುಳುಗಳಿಗೂ ಆಗುವುದರಿಂದ, ಒಂದೇ ಮದ್ದಿಗೆ ಕಾಸು ಹಾಕುವುದಾದರೆ ನೋಡಿಕೊಳ್ಳುವವರಿಲ್ಲದ ಬೆಕ್ಕಿಗೆ ಇದೇ ಮೇಲು. ತೀರಾ ಸೊರಗಿದ, ಜ್ವರವಿರುವ, ಬಸುರಿ ಬೆಕ್ಕಾದರೆ ಯಾವುದನ್ನೂ ವೈದ್ಯರನ್ನು ಕೇಳದೆ ಹಾಕಬಾರದು.

ತೂಕ ಅಂದಾಜಿನಲ್ಲಿ ಹೇಳಬೇಡಿ. ಬೆಕ್ಕನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ಆಮೇಲೆ ಬರೀ ನೀವು ನಿಂತು ಕಳೆಯಿರಿ. ಮರಿಯಾದರೆ ಅಡುಗೆಮನೆಯ ತಕ್ಕಡಿ ಸಾಕು.

ಹಾಕುವ ಜಾಗ ತಲೆಬುರುಡೆಯ ಬುಡ, ಎರಡು ಕಿವಿಗಳ ಹಿಂದೆ ಕುತ್ತಿಗೆ ಶುರುವಾಗುವ ಕಡೆ. ಭುಜದ ನಡುವೆ ಹಾಕಿದರೆ ಮೈ ಬಾಗಿಸಿ ನೆಕ್ಕಿಕೊಳ್ಳುವ ಬೆಕ್ಕುಗಳಿವೆ. ಊಟ ಮಾಡುತ್ತಿರುವಾಗ ಹಿಂದಿನಿಂದ ಕೂದಲನ್ನು ಎರಡು ಬೆರಳಿನಿಂದ ಸೀಳಿ, ಬಿಳಿ ಚರ್ಮ ಕಾಣುವಂತೆ ಮಾಡಿ, ಪಿಪೆಟ್ ತುದಿಯನ್ನು ಚರ್ಮಕ್ಕೆ ತಾಗಿಸಿ ಒಮ್ಮೆಲೇ ಹಿಂಡಿ. ಮದ್ದು ಕೆಲಸ ಮಾಡಲಿಲ್ಲ ಎಂಬ ದೂರುಗಳಲ್ಲಿ ಹೆಚ್ಚಿನವು ಕೂದಲ ಮೇಲೆ ಸುರಿದದ್ದರಿಂದ ಬರುತ್ತವೆ. ಫಿಪ್ರೊನಿಲ್ ಆದರೆ ಹಿಂದೆ ಮುಂದೆ ಎರಡು ದಿನ ಸ್ನಾನ ಬೇಡ. ಒಣಗುವವರೆಗೆ ಮಕ್ಕಳು ಮುಟ್ಟದಂತೆ ನೋಡಿ. ನೆಕ್ಕಿಬಿಟ್ಟರೆ ಬಾಯಲ್ಲಿ ನೊರೆ ಬಂದು ಗಾಬರಿಯಾಗುತ್ತದೆ. ಹೆಚ್ಚಾಗಿ ಅದು ಕಹಿಯಿಂದ, ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ನಡುಕ ಬಂದರೆ ಮಾತ್ರ ಕಾಯಬಾರದು.

ಹಾಕಿದ ಎರಡನೇ ವಾರದಲ್ಲೂ ಚಿಗಟ ಕಾಣುತ್ತದೆ. ಗೂಡಿನಲ್ಲಿದ್ದವು ಈಗ ಹೊರಬರುತ್ತಿವೆ ಅಷ್ಟೆ, ಮದ್ದು ಸುಳ್ಳಲ್ಲ. ಬೇಸತ್ತು ಇನ್ನೊಂದು ಮದ್ದನ್ನು ಮೇಲಿಂದ ಮೇಲೆ ಹಾಕಬೇಡಿ. ಕನಿಷ್ಠ ಮೂರು ತಿಂಗಳು ತಪ್ಪದೆ ಹಾಕಿ. ಜೊತೆಗೆ ಮಲಗುವ ಗೋಣಿಚೀಲವನ್ನು ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಬಿಸಿಲಿಲ್ಲದೆ ಇದೇ ದೊಡ್ಡ ಕಷ್ಟ. ಅಲ್ಲಿ ಹಳೇ ಚೀಲ ಎಸೆದು ಹೊಸದು ಹಾಸುವುದೇ ಸುಲಭ.

ಸ್ಪ್ರೇ, ಮಾತ್ರೆ, ಇಂಜೆಕ್ಷನ್

ಶೇ. 0.25ರ ಫಿಪ್ರೊನಿಲ್ ಸ್ಪ್ರೇ ಎರಡು ದಿನದ ಮರಿಗೂ ಆಗುತ್ತದೆ ಎಂಬುದೇ ಅದರ ಹೆಚ್ಚುಗಾರಿಕೆ. ಪ್ರಮಾಣ ಕೆ.ಜಿ.ಗೆ 3ರಿಂದ 6 ಮಿ.ಲೀ. 100 ಮಿ.ಲೀ. ಬಾಟಲಿಯಲ್ಲಿ ಒಂದು ಒತ್ತಿಗೆ ಅರ್ಧ ಮಿ.ಲೀ. ಬರುತ್ತದೆ, ಅಂದರೆ 3 ಕೆ.ಜಿ. ಬೆಕ್ಕಿಗೆ ಕಡಿಮೆಯೆಂದರೂ 18 ಒತ್ತು. ಆ ‘ಸ್ಸ್’ ಸದ್ದಿಗೆ ಎರಡನೇ ಒತ್ತಿಗೇ ಬೆಕ್ಕು ಕಾಂಪೌಂಡ್ ಆಚೆ. ಕೈಗವಸಿಗೆ ಸಿಂಪಡಿಸಿಕೊಂಡು ಮರಿಗಳ ಮೈಗೆ ಸವರುವುದಕ್ಕೆ ಸರಿ, ದೊಡ್ಡ ಬೆಕ್ಕಿಗೆ ನಾವು ಹೇಳುವುದಿಲ್ಲ. ಸ್ಪಿರಿಟ್ ಇರುವುದರಿಂದ ಒಲೆ, ದೀಪದ ಹತ್ತಿರ ಬೇಡ.

ನೈಟೆನ್‌ಪೈರಮ್ ಮಾತ್ರೆ ಅರ್ಧ ಗಂಟೆಯಲ್ಲೇ ಚಿಗಟ ಉದುರಿಸಲು ಶುರುಮಾಡುತ್ತದೆ, ಆದರೆ ಒಂದೆರಡು ದಿನಕ್ಕೆ ಪ್ರಭಾವ ಮುಗಿಯುತ್ತದೆ. ಐವರ್‌ಮೆಕ್ಟಿನ್ ಇಂಜೆಕ್ಷನ್ ಚಿಗಟಕ್ಕೆ ನೆಚ್ಚಿಕೊಳ್ಳುವಂಥದ್ದಲ್ಲ.

ಬೆಕ್ಕಿನ ಹತ್ತಿರಕ್ಕೂ ತರಬಾರದ್ದು

ನಾಯಿಯ ಡ್ರಾಪ್ಸ್ ಕೆಲವದರಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕ ಶೇ. 40ಕ್ಕೂ ಹೆಚ್ಚಿರುತ್ತದೆ. ಇದನ್ನು ಒಡೆದು ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರಾ ಕಡಿಮೆ. ನಾಯಿಯ ಪಿಪೆಟ್‌ನಲ್ಲಿ ಕಾಲು ಭಾಗ ಹಾಕಿದರಾಯಿತು ಎನ್ನುವ ಉಳಿತಾಯ ಬೆಕ್ಕಿನ ಜೀವ ತೆಗೆಯುತ್ತದೆ. ದನದ ಉಣ್ಣೆಗೆ ನೀರಲ್ಲಿ ಕಲಸಿ ಹಚ್ಚುವ ಡೆಲ್ಟಾಮೆಥ್ರಿನ್ (ಬ್ಯುಟಾಕ್ಸ್), ಅಮಿಟ್ರಾಜ್, ಜಿರಳೆ ಚಾಕ್, ಸೀಮೆಎಣ್ಣೆ, ಫಿನಾಯಿಲ್, ಕರ್ಪೂರ ಕಲಸಿದ ಎಣ್ಣೆ ಎಲ್ಲವೂ ಇದೇ ಪಟ್ಟಿಗೆ. ಬೇವಿನೆಣ್ಣೆಯನ್ನೂ ಮೈಗೆ ಬಳಿಯಬೇಡಿ. ಬೆಕ್ಕು ಮೈಯನ್ನೆಲ್ಲ ನೆಕ್ಕುತ್ತದೆ, ಬಳಿದದ್ದೆಲ್ಲ ಹೊಟ್ಟೆಗೇ.

ತಪ್ಪು ಮದ್ದು ಬಿದ್ದರೆ ಮೊದಲು ಕಿವಿ, ಮುಖದ ಚರ್ಮ ಅದುರುತ್ತದೆ, ಜೊಲ್ಲು ಸುರಿಯುತ್ತದೆ, ಆಮೇಲೆ ಮೈ ನಡುಕ, ಫಿಟ್ಸ್. ಕೆಲವು ಗಂಟೆಗಳಲ್ಲಿ ಬರಬಹುದು, ಒಂದು ದಿನ ತಡವಾಗಿಯೂ ಬರಬಹುದು. ಬೆಲ್ಟ್ ಇದ್ದರೆ ಕತ್ತರಿಸಿ ತೆಗೆಯಿರಿ. ಬೆಕ್ಕಿಗೆ ಎಚ್ಚರವಿದ್ದರೆ ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಲಿಕ್ವಿಡ್‌ನಿಂದ ಮದ್ದು ಬಿದ್ದ ಜಾಗ ತೊಳೆದು, ಒಣ ಟವಲಿನಲ್ಲಿ ಸುತ್ತಿ, ಪ್ಯಾಕೆಟ್ ಸಮೇತ ಆಸ್ಪತ್ರೆಗೆ ಓಡಿ. ತೀರಾ ತಣ್ಣೀರು ಬೇಡ, ಮೈ ತಣ್ಣಗಾದರೆ ನಡುಕ ಹೆಚ್ಚುತ್ತದೆ. ವಾಂತಿ ಮಾಡಿಸುವ ಪ್ರಯತ್ನ, ಹಾಲು ಕುಡಿಸುವುದು ಬೇಡ. ಮರಿಯ ಒಸಡು ಗುಲಾಬಿ ಬಣ್ಣ ಬಿಟ್ಟು ಬೆಳ್ಳಗಾಗಿದ್ದರೆ ಅದು ಚಿಗಟ ರಕ್ತ ಹೀರಿ ಆದ ರಕ್ತಹೀನತೆ. ಆಗ ಡ್ರಾಪ್ಸ್ ಹುಡುಕುತ್ತ ಕೂರದೆ ನೇರ ವೈದ್ಯರ ಹತ್ತಿರ.

ಬೆಕ್ಕಿನ ಮನೆಯವರು

ಅವರಿಗೆ ಹೇಳದೆ ಏನನ್ನೂ ಹಾಕಬೇಡಿ. ಮರ್ಯಾದೆಯ ಮಾತಷ್ಟೇ ಅಲ್ಲ: ನೀವು ಸೋಮವಾರ ಡ್ರಾಪ್ಸ್ ಹಾಕಿ, ಅವರು ಭಾನುವಾರ ಬೆಲ್ಟ್ ತಂದು ಕಟ್ಟಿದರೆ ಎರಡು ವಿಷ ಒಂದೇ ಮೈಮೇಲೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಸಾಕಿದ ಪ್ರಾಣಿಗೆ ಸಾಕಷ್ಟು ಆಹಾರ, ನೀರು ಕೊಡದಿರುವುದು ಅಪರಾಧವೇ. ಆದರೆ ಮೊದಲ ಸಲದ ದಂಡ 10ರಿಂದ 50 ರೂಪಾಯಿ. ಅದನ್ನು ತೋರಿಸಿ ಹೆದರಿಸಿದರೆ ಬೆಕ್ಕಿಗೆ ನಿಮ್ಮ ಮನೆಯ ಬಾಗಿಲೂ ಮುಚ್ಚುತ್ತದೆ. ‘ಆಂಟಿ, ಬೆಕ್ಕಿಗೆ ಚಿಗಟ ಆಗಿದೆ, ಮಕ್ಕಳಿಗೂ ಕಚ್ಚುತ್ತೆ. ನಾನು ಔಷಧಿ ತಂದಿದೀನಿ, ಹಾಕ್ಲಾ?’ ಅಂದರೆ ಬೇಡ ಅನ್ನುವವರು ಕಡಿಮೆ. ಯಾರ ಬೆಕ್ಕೆಂದೇ ಗೊತ್ತಿಲ್ಲದಿದ್ದರೆ ಕಾಗದದ ಪಟ್ಟಿಯಲ್ಲಿ ನಿಮ್ಮ ಫೋನ್ ನಂಬರ್ ಬರೆದು ಸಡಿಲವಾಗಿ ಕುತ್ತಿಗೆಗೆ ಸುತ್ತಿ ಅಂಟಿಸಿ, ಸಿಕ್ಕಿಕೊಂಡರೆ ಹರಿದುಹೋಗುತ್ತದೆ.

ಖಾಲಿ ಪ್ಯಾಕೆಟ್ ಮೇಲೆ ತಾರೀಖು ಬರೆದು ಅವರ ಕೈಗೆ ಕೊಡಿ. ಆ ಮನೆಯಲ್ಲಿ ನಾಯಿಯೂ ಇದೆಯೇ, ಅದಕ್ಕೆ ಏನು ಹಾಕುತ್ತಾರೆ ಎಂದು ಅದೇ ಹೊತ್ತಿಗೆ ಕೇಳಿಕೊಳ್ಳಿ. ಪರ್ಮೆಥ್ರಿನ್ ಹಾಕಿಸಿಕೊಂಡ ನಾಯಿಗೆ ಒರಗಿ ಮಲಗುವ, ಅದರ ಮೈ ನೆಕ್ಕುವ ಬೆಕ್ಕಿಗೂ ವಿಷವೇರುತ್ತದೆ. ನಾಯಿಯ ಮೈ ಪೂರ್ತಿ ಒಣಗುವವರೆಗೆ, ಸಾಧ್ಯವಾದರೆ ಎರಡು ಮೂರು ದಿನ, ಎರಡನ್ನೂ ಬೇರೆ ಬೇರೆ ಇಡಲು ಹೇಳಿ. ಬಾಲದ ಕೆಳಗೆ ಅಕ್ಕಿಕಾಳಿನಂಥದ್ದು ಅಂಟಿಕೊಂಡಿದ್ದರೆ ಅದು ಚಿಗಟ ನುಂಗಿದ್ದರಿಂದ ಬಂದ ಲಾಡಿಹುಳು. ಅದಕ್ಕೆ ಪ್ರಾಜಿಕ್ವಾಂಟೆಲ್ ಮಾತ್ರೆಯನ್ನು ತೂಕ ನೋಡಿ ವೈದ್ಯರೇ ಕೊಡಬೇಕು. ಡ್ರಾಪ್ಸ್ ಹಾಕಿ ಚಿಗಟ ಇಳಿದ ಮೇಲೆ ಕೊಡಿಸಿ. ಅದಕ್ಕೂ ಮೊದಲೇ ಕೊಟ್ಟರೆ ಬೆಕ್ಕು ಮತ್ತೆ ಚಿಗಟ ನುಂಗಿ ಮತ್ತೆ ಹುಳು ಹಿಡಿಸಿಕೊಳ್ಳುತ್ತದೆ.