ಆಹಾರಕ್ಕಾಗಿ ಹಿಟ್ಟುಹುಳು ಸಾಕುವ ಮನೆಪೆಟ್ಟಿಗೆ: ಬಳಸಿ ನೋಡಿದ ಮೇಲೆ

ತಿನ್ನಲೆಂದೇ ಹಿಟ್ಟುಹುಳುಗಳನ್ನು ಮನೆಯೊಳಗೆ ಸಾಕಿಕೊಳ್ಳಲು ಅನುವಾಗುವಂತೆ ತಯಾರಿಸಿದ, ಒಂದರ ಮೇಲೊಂದು ಕೂರುವ ಟ್ರೇಗಳಿರುವ ಪ್ಲಾಸ್ಟಿಕ್ ಪೆಟ್ಟಿಗೆಯೊಂದನ್ನು ಹುಳುಗಳ ಒಂದು ಪೂರ್ಣ ಜೀವನಚಕ್ರ ಮುಗಿಯುವವರೆಗೆ ಬಳಸಿ ಈ ವಿಮರ್ಶೆ ಬರೆಯುತ್ತಿದ್ದೇನೆ. ಹುಳು ಸಾಕುವ ಕೆಲಸವನ್ನು ಪೆಟ್ಟಿಗೆ ಚೆನ್ನಾಗಿಯೇ ಮಾಡುತ್ತದೆ. ಸಾಕಿದ ಹುಳುವನ್ನು ಆಹಾರವಾಗಿಸುವ ಕೆಲಸವನ್ನು ಮಾತ್ರ ಪೂರ್ತಿಯಾಗಿ ಕೊಂಡವರ ತಲೆಗೇ ಕಟ್ಟುತ್ತದೆ.

ವಿನ್ಯಾಸದ ಜಾಣತನವೆಲ್ಲ ಮೇಲಿನ ಟ್ರೇಯಲ್ಲಿದೆ. ಹಿಟ್ಟುಹುಳು ಎಂದರೆ ಟೆನೆಬ್ರಿಯೊ ಮೊಲಿಟರ್ ಎಂಬ ದುಂಬಿಯ ಮರಿಹುಳು. ಬೆಳೆದ ದುಂಬಿಗಳು ತಾವೇ ಇಟ್ಟ ಮೊಟ್ಟೆಗಳನ್ನು ತಿಂದುಹಾಕುತ್ತವೆ. ಮರಿಹುಳುಗಳು, ದುಂಬಿಯಾಗುವ ಮುಂಚಿನ ಹಂತದ, ಓಡಿ ತಪ್ಪಿಸಿಕೊಳ್ಳಲಾರದ ಕೋಶಗಳನ್ನು ಕಡಿಯುತ್ತವೆ. ಎಲ್ಲವನ್ನೂ ಒಂದೇ ಡಬ್ಬಿಗೆ ಬಿಟ್ಟರೆ ಸಾಕಣೆ ಸೊರಗುವುದು ಇದರಿಂದಲೇ. ಇಲ್ಲಿ ದುಂಬಿಗಳ ಟ್ರೇಗೆ ತಳದಲ್ಲಿ ಜಾಲರಿ ಇರುವುದರಿಂದ ಮೊಟ್ಟೆಗಳು ಪುಡಿ ಬೂಸಾದೊಂದಿಗೆ ಕೆಳಗಿನ ಟ್ರೇಗೆ ಇಳಿಯುತ್ತವೆ, ದುಂಬಿಗಳು ಮೇಲೆಯೇ ಉಳಿಯುತ್ತವೆ. ಗೋಡೆಗಳು ನುಣುಪಾಗಿದ್ದು, ಒಂದು ಹುಳುವೂ ಹತ್ತಿ ಹೊರಬಂದದ್ದನ್ನು ನಾನು ಕಾಣಲಿಲ್ಲ. ಆದರೆ ಕೋಶಗಳನ್ನು ಮರಿಹುಳುಗಳಿಂದ ಬೇರ್ಪಡಿಸುವುದಕ್ಕೆ ಯಾವ ಏರ್ಪಾಡೂ ಇಲ್ಲ. ಚಮಚ ಹಿಡಿದು ಒಂದೊಂದಾಗಿ ಆರಿಸಬೇಕು, ಮುಟ್ಟಿದ ಕೂಡಲೇ ಅವು ಹೊಟ್ಟೆಯ ಭಾಗವನ್ನು ಅತ್ತಿತ್ತ ಹೊಡೆಯುವುದಕ್ಕೆ ಒಗ್ಗಿಕೊಳ್ಳಬೇಕು.

ಪೊರೆ ಕಳಚಿದ ಹೊಸದರಲ್ಲಿ ಮರಿಹುಳು ಹಾಲಿನಂತೆ ಬೆಳ್ಳಗೆ, ಮೆತ್ತಗೆ ಇರುತ್ತದೆ; ಹೊತ್ತು ಕಳೆದಂತೆ ಮೈ ಗಟ್ಟಿಯಾಗಿ ಹಳದಿಗಂದು ಬಣ್ಣಕ್ಕೆ ತಿರುಗುತ್ತದೆ. ಕಳಚಿದ ಪೊರೆಗಳು ಬೂಸಾದ ಮೇಲ್ಪದರದಲ್ಲಿ ಸೇರಿಕೊಂಡು, ಟ್ರೇಯನ್ನು ಸ್ವಲ್ಪ ಜೋರಾಗಿ ಎಳೆದರೂ ಮುಖಕ್ಕೆ ಹಾರುತ್ತವೆ. ಜರಡಿ ಹಿಡಿಯುವಾಗ ಹಿಕ್ಕೆಯ ಪುಡಿ ಇನ್ನೂ ಹೆಚ್ಚು ಏಳುತ್ತದೆ. ಇದನ್ನು ದಿನವೂ ಉಸಿರಾಡುವುದು ಒಳ್ಳೆಯದಲ್ಲ, ಆದ್ದರಿಂದ ಮುಖಗವಸು ಬೇಕೇ ಬೇಕು. ತಯಾರಕರು ಪೆಟ್ಟಿಗೆಯೊಂದಿಗೆ ಚಂದದ ಕುಂಚವೊಂದನ್ನು ಕೊಟ್ಟಿದ್ದಾರೆ, ಮುಖಗವಸು ಕೊಟ್ಟಿಲ್ಲ.

ಈ ಹುಳುಗಳಿಗೆ 25ರಿಂದ 28 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ಹಿತ. ಪೆಟ್ಟಿಗೆಯಲ್ಲಿ ಶಾಖದ ವ್ಯವಸ್ಥೆ ಇಲ್ಲದ ಕಾರಣ ಕೋಣೆ ತಣ್ಣಗಾದರೆ ಬೆಳವಣಿಗೆ ನಿಧಾನವಾಗುತ್ತದೆ. ಅದು ಸಹಿಸಬಹುದಾದ ಕೊರತೆ. ಸಹಿಸಲಾಗದ್ದು ಗಾಳಿಯ ಕಿಂಡಿಗಳ ಕಿರಿದುತನ. ನೀರಿನಂಶಕ್ಕೆಂದು ಹಾಕಿದ ಕ್ಯಾರೆಟ್ ಚೂರುಗಳ ಕೆಳಗೆ ಬೂಸಾ ಒದ್ದೆಯಾಗಿ ಬೂಷ್ಟು ಹಿಡಿಯಿತು, ಅದರ ಹಿಂದೆಯೇ ನುಸಿಯೂ ಬಂತು. ಮುಚ್ಚಳದ ಬದಲು ತೆಳು ಜಾಲರಿ ಬಟ್ಟೆ ಕಟ್ಟಿ, ಕ್ಯಾರೆಟ್ಟನ್ನು ಕಡಿಮೆ ಹಾಕಿ ಮರುದಿನವೇ ತೆಗೆಯತೊಡಗಿದ ಮೇಲೆ ತೊಂದರೆ ನಿಂತಿತು.

ಜಾಹೀರಾತಿನ ದೊಡ್ಡ ಮಾತು ಏನೆಂದರೆ, ಅಡುಗೆಮನೆಯ ಕಸವನ್ನು ಪೆಟ್ಟಿಗೆಗೆ ಹಾಕಿದರೆ ಪ್ರೋಟೀನ್ ಆಗಿ ಹೊರಬರುತ್ತದೆ ಎಂಬುದು. ಹಿಟ್ಟುಹುಳು ಬೆಳೆಯುವುದು ಮುಖ್ಯವಾಗಿ ಗೋಧಿ ಬೂಸಾದ ಮೇಲೆ. ತರಕಾರಿ ಸಿಪ್ಪೆ ಅದಕ್ಕೆ ನೀರಿನ ಮೂಲವಷ್ಟೇ. ತಿನ್ನುವ ಇನ್ನೊಂದು ಕೀಟವಾದ ಜೀರುಂಡೆಯ (ಇಂಗ್ಲಿಷಿನಲ್ಲಿ ಕ್ರಿಕೆಟ್) ವಿಷಯದಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳಿತ್ತು: ಹೆಚ್ಚು ಸಂಸ್ಕರಿಸದ ಆಹಾರತ್ಯಾಜ್ಯ ಮತ್ತು ಒಣಹುಲ್ಲಿನ ಮೇಲೆ ಸಾಕಿದವು ಬಹುಪಾಲು ಸತ್ತವು, ಕೋಳಿ ಆಹಾರದ ಮೇಲೆ ಸಾಕಿದವು, ತಿಂದದ್ದನ್ನು ಪ್ರೋಟೀನ್ ಆಗಿ ಪರಿವರ್ತಿಸುವುದರಲ್ಲಿ ಕೋಳಿಗಿಂತ ಹೆಚ್ಚೇನೂ ಮುಂದೆ ಇರಲಿಲ್ಲ. ಕೀಟ ಸಾಕಣೆಗೆ ಜಾಗ, ನೀರು ಕಡಿಮೆ ಸಾಕೆಂಬುದು ನಿಜವೇ, ಆದರೆ ಮೇವಿನ ಗುಣವನ್ನು ಮರೆಸಿ ಹೇಳಿದರೆ ಅದು ಅರೆಸತ್ಯ.

ಕೊಯ್ಲಿನ ಕೆಲಸಕ್ಕೆ ಕೈಪಿಡಿ ಅರ್ಧ ಪುಟವನ್ನಷ್ಟೇ ಮೀಸಲಿಟ್ಟಿದೆ. ಹುಳುಗಳನ್ನು ಒಂದು ದಿನ ಉಪವಾಸವಿಟ್ಟು ಕರುಳು ಖಾಲಿ ಮಾಡಿಸಬೇಕು, ಜರಡಿ ಹಿಡಿದು ಸತ್ತವನ್ನು ಆರಿಸಬೇಕು, ಫ್ರೀಜರಿನಲ್ಲಿಟ್ಟು ಕೊಲ್ಲಬೇಕು, ತೊಳೆದು ಕುದಿಸಿ ಒಣಗಿಸಬೇಕು. ಕುದಿಸಿದರೂ ಕೆಲವು ಬ್ಯಾಕ್ಟೀರಿಯಾಗಳ ಬೀಜಾಣುಗಳು ಉಳಿಯುವುದರಿಂದ ಒದ್ದೆ ಹುಳುವನ್ನು ಹೊರಗೆ ಬಿಡದೆ ಕೂಡಲೇ ಒಣಗಿಸಬೇಕೆಂಬ ಮಾತು ಎಲ್ಲೂ ಇಲ್ಲ. ಜೀವಂತ ಹುಳುವಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಆದ್ದರಿಂದ ತುಂಬಿದ ಟ್ರೇಯನ್ನು ಒಣಗಿಸಿದಾಗ ಉಳಿಯುವುದು ನಿರಾಸೆಯಾಗುವಷ್ಟು ಕಡಿಮೆ. ರುಚಿಯ ಬಗ್ಗೆ ದೂರಿಲ್ಲ. ಹದವಾಗಿ ಹುರಿದರೆ ಗರಿಗರಿಯಾಗಿ, ಬೀಜ ಹುರಿದ ಪರಿಮಳ ಬರುತ್ತದೆ.

ಪೆಟ್ಟಿಗೆಯ ಮೇಲೆ ಮುದ್ರಿಸಿದ ಪ್ರೋಟೀನ್ ಅಂಕಿಯನ್ನೂ ಹಾಗೆಯೇ ನಂಬಬೇಕಿಲ್ಲ. ಸಾರಜನಕವನ್ನು ಅಳೆದು 6.25ರಿಂದ ಗುಣಿಸುವುದು ರೂಢಿಯ ಲೆಕ್ಕ. ಕೀಟದ ಹೊರಕವಚದಲ್ಲಿರುವ, ಪ್ರೋಟೀನ್ ಅಲ್ಲದ ಕೈಟಿನ್‌ನಲ್ಲೂ ಸಾರಜನಕ ಇರುವುದರಿಂದ ಲೆಕ್ಕ ಉಬ್ಬುತ್ತದೆ. 2017ರಲ್ಲಿ ಸಂಶೋಧಕರು ಇಡೀ ಹುಳುವಿಗೆ 6.25ರ ಬದಲು 4.76 ಸೂಕ್ತವೆಂದು ಸೂಚಿಸಿದರು. ಹಳೆಯ ಲೆಕ್ಕದ 50 ಗ್ರಾಂ ಇದರಲ್ಲಿ ಸುಮಾರು 38ಕ್ಕೆ ಇಳಿಯುತ್ತದೆ. ಆದರೂ ಅದು ಒಳ್ಳೆಯ ಪ್ರಮಾಣವೇ, ಉಬ್ಬಿಸಿ ಹೇಳುವ ಅಗತ್ಯವೇ ಇರಲಿಲ್ಲ.

ಒಣಗಿಸಿದ ಹಿಟ್ಟುಹುಳುವಿಗೆ ಯುರೋಪಿಯನ್ ಒಕ್ಕೂಟ 2021ರಲ್ಲಿ ಅನುಮತಿ ನೀಡಿದ್ದನ್ನು, 2024ರ ಜುಲೈನಲ್ಲಿ ಸಿಂಗಪುರ 16 ಜಾತಿಯ ಕೀಟಗಳನ್ನು ಒಪ್ಪಿದ್ದನ್ನು ಕೈಪಿಡಿ ಹೆಮ್ಮೆಯಿಂದ ಹೇಳುತ್ತದೆ. ಆ ಅನುಮತಿಗಳಿಗೆ ಸಾಕಣೆ ಮತ್ತು ಸಂಸ್ಕರಣೆಯ ಷರತ್ತುಗಳಿವೆ. ಮನೆಪೆಟ್ಟಿಗೆಯೊಂದಕ್ಕೆ ಸಿಕ್ಕ ಪ್ರಮಾಣಪತ್ರ ಅವಲ್ಲ. ಅದೇ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಅಲರ್ಜಿಯ ಬಗ್ಗೆ ಕೊಟ್ಟ ಎಚ್ಚರಿಕೆ ಮಾತ್ರ ಕೈಪಿಡಿಯ ಕೊನೆಯ ಪುಟದಲ್ಲಿ ಸಣ್ಣಕ್ಷರದಲ್ಲಿದೆ. ಸಿಗಡಿ, ಏಡಿ ತಿಂದರೆ ಅಲರ್ಜಿಯಾಗುವವರಿಗೆ, ಧೂಳಿನ ನುಸಿ ಒಗ್ಗದವರಿಗೆ ಈ ಹುಳುವಿನಲ್ಲಿರುವ ಟ್ರೊಪೊಮಯೋಸಿನ್‌ನಂಥ ಪ್ರೋಟೀನ್‌ಗಳಿಂದಲೂ ಅದೇ ತೊಂದರೆ ಆಗಬಹುದು. ಅಂಥವರು ಮನೆಯಲ್ಲಿದ್ದರೆ ಈ ಪೆಟ್ಟಿಗೆಯನ್ನು ಕೊಳ್ಳಬೇಡಿ.